ತಟ್ಟೆಯ ಮೇಲಿನ ಕಲ್ಲು

ತಿಪ್ಪೇರುದ್ರಮ್ಮನಿಗೆ ಮಗನ ಮಾತು ದಿನಾ ಎರಡೆರಡು ಸಲ ಕೇಳಿಸುತ್ತಿತ್ತು. ಮೊದಲು ಅಡುಗೆಮನೆಯ ಸೂರಿನ ಮೇಲಿಂದ, ಪದ ತಿಳಿಯದ ಗುಂಯ್ ಅನ್ನುವ ಸದ್ದಾಗಿ. ಆಮೇಲೆ ಹತ್ತು ಎಣಿಸುವಷ್ಟರಲ್ಲಿ ಅದೇ ಮಾತು ಕೈಯಲ್ಲಿದ್ದ ಫೋನಿನಿಂದ, ಒಂದಕ್ಷರ ಬಿಡದಂತೆ. ಮಲ್ಲಿಕ್ ಮೇಲೆ ನಕ್ಕರೆ ಫೋನಿನಲ್ಲಿ ಹತ್ತು ಎಣಿಸಿದ ಮೇಲೆ ನಗುತ್ತಿದ್ದ. ಮೇಲೆ ಅವನು ಎದ್ದು ಓಡಾಡುತ್ತಿದ್ದರೂ ಫೋನಿನಲ್ಲಿ ಇನ್ನೂ ಕುರ್ಚಿಗೆ ಒರಗಿ ಕೂತೇ ಇರುತ್ತಿದ್ದ. "ಎಲ್ಲೆಲ್ಲೋ ಸುತ್ಕೊಂಡು ಬರ್ಬೇಕಲ್ಲವ್ವ, ಅದಕ್ಕೇ ತಡ" ಎಂದು ಮಗಳು ವಾಣಿಶ್ರೀ ತಿಳಿಸಿ ಹೇಳಿದ್ದಳು. ಹದಿನಾಲ್ಕು ಮೆಟ್ಟಿಲ ಮೇಲಿರುವ ಮಗನ ಮಾತು ಊರೆಲ್ಲ ಸುತ್ತಿಕೊಂಡು ಕೆಳಗಿನ ಅಡುಗೆಮನೆಗೆ ಬರುವುದು ಅಂದರೇನು! ಆದರೂ ತಿಪ್ಪೇರುದ್ರಮ್ಮ ತಪ್ಪದೆ ಕೇಳುತ್ತಿದ್ದಳು. ಅವಳಿಗೆ ಮಗನ ಮಾತು ಸಿಗುತ್ತಿದ್ದುದೇ ಅಲ್ಲಿ.

ಚಳ್ಳಕೆರೆಯಲ್ಲಿ ಅವಳ ಗಂಡ ಜಂಬುಲಿಂಗಪ್ಪನದು ಶೇಂಗಾ ಎಣ್ಣೆಯ ಸಣ್ಣ ಗಿರಣಿ. ಮಗ ಮಲ್ಲಿಕ್ ಬೆಳಿಗ್ಗೆ ಏಳರಿಂದ ಎರಡರವರೆಗೆ ಗಿರಣಿಯಲ್ಲಿ ದುಡಿಯುತ್ತಿದ್ದ, ಅದರಲ್ಲಿ ಮಾತಿಲ್ಲ. ಮೂರು ಗಂಟೆಗೆ ಮೇಲಿನ ಕೋಣೆ ಸೇರಿ ಕಂಪ್ಯೂಟರಿನಲ್ಲಿ ಹೊಲ ಮನೆ ಮಾಡುವ ಒಂದು ಆಟ ಆಡುತ್ತ, ಆಡುವುದನ್ನು ಜನಕ್ಕೆ ತೋರಿಸುತ್ತ, ಅವರ ಜೊತೆ ಹರಟುತ್ತ ಆರರವರೆಗೆ ಕೂರುತ್ತಿದ್ದ. ಒಬ್ಬ ಆಡುವುದನ್ನು ಇನ್ನೊಬ್ಬರು ಕೂತು ನೋಡುತ್ತಾರೆಯೇ ಎಂದು ನನ್ನನ್ನು ಕೇಳಬೇಡಿ. ನಾನೂರು ಜನ ನೋಡುತ್ತಿದ್ದರು.

ತಪ್ಪು ತಿಪ್ಪೇರುದ್ರಮ್ಮನದೇ. ಅದನ್ನು ಅವಳೂ ಮನಸ್ಸಿನಲ್ಲಿ ಒಪ್ಪಿದ್ದಳು, ಬಾಯಿಬಿಟ್ಟು ಮಾತ್ರ ಯಾರಿಗೂ ಹೇಳಿರಲಿಲ್ಲ. ಐದು ವಾರದ ಹಿಂದೆ ಒಂದು ದಿನ ಮಲ್ಲಿಕ್ ಊಟ ಮಾಡದೆ ನೇರ ಮೇಲೆ ಹೋಗಿಬಿಟ್ಟಿದ್ದ. ನಾಲ್ಕಾಯಿತು. ಇವಳು ಕರೆದೂ ಕರೆದೂ ಸಾಕಾಗಿ, ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿ ಬಾಗಿಲು ನೂಕಿದಳು.

"ಏಯ್ ಮಲ್ಲೂ, ಮುದ್ದೆ ಕಲ್ಲಾಗೈತೆ, ಬಂದು ಉಣ್ಬಾರ್ದಾ? ಮೂರು ದಿನದಿಂದ ಒಂದೇ ಅಂಗಿ! ಹಿಂಗೆ ಕೂತಿರ್ತೀಯ ಅಂತಲೇ ಆ ನಾಯಕನಹಟ್ಟಿ ಹುಡುಗಿ ಒಲ್ಲೆ ಅಂದಿದ್ದು. ಇವನಿಗೆ ಗೊಂಬೆ ಆಡ್ಸೋದೊಂದೇ ಬರೋದು ಅಂತ ಅವ್ರವ್ವ ನನ್ನ ಮುಖದ ಮ್ಯಾಲೇ ಅಂದ್ಲು!"

ಅವಳ ಗಂಟಲು ಗಿರಣಿಯ ಸದ್ದಿನ ಮಧ್ಯೆ ಗಂಡನನ್ನು ಕರೆದು ಕರೆದು ಪಳಗಿದ್ದು. ಮೈಕ್ ಅದನ್ನು ನಾನೂರು ಜನಕ್ಕೂ ಮುಟ್ಟಿಸಿತು. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಆ ಹುಡುಗಿಯ ಫೋಟೊ ಮಲ್ಲಿಕ್ ತಿಂಗಳುಗಟ್ಟಲೆ ಫೋನಿನಲ್ಲಿ ಇಟ್ಟುಕೊಂಡಿದ್ದ. ಅವಳು ಒಲ್ಲೆ ಅಂದದ್ದನ್ನು ಮನೆಯವರು ಅವನಿಗೆ ಹೇಳಿರಲಿಲ್ಲ, ಜಾತಕ ಕೂಡಲಿಲ್ಲ ಅಂದಿದ್ದರು. ನಾನೂರು ಜನಕ್ಕೆ ತಿಳಿದ ಹೊತ್ತಿಗೇ ಅವನಿಗೂ ತಿಳಿಯಿತು.

ಮಲ್ಲಿಕ್ ಬೈಯಲಿಲ್ಲ, ಕಿರುಚಲಿಲ್ಲ. ಎದ್ದು ಬಂದು ಅವ್ವನ ಮುಖ ನೋಡಿ ಮೆಲ್ಲಗೆ ಬಾಗಿಲು ಹಾಕಿಕೊಂಡ. ಯಾರೋ ಪುಣ್ಯಾತ್ಮ ಆ ಬೈಗುಳವನ್ನು ಮಾತ್ರ ಕತ್ತರಿಸಿ, ಹಿಂದೆ ಡೊಳ್ಳು ಬಾರಿಸಿ ಹಂಚಿದ. ವಾರದೊಳಗೆ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲೂ 'ಮುದ್ದೆ ಕಲ್ಲಾಗೈತೆ' ಅಂತ ನಗುವಂತಾಯಿತು.

ಅಂದಿನಿಂದ ಮಲ್ಲಿಕ್ ಕೆಳಗೆ ಊಟಕ್ಕೆ ಕೂರಲಿಲ್ಲ. ಅಪ್ಪನ ಜೊತೆ ಬೆಲ್ಟು, ಹಿಂಡಿ ಚೀಲ ಅಂತ ಎರಡು ಮಾತಾಡುತ್ತಿದ್ದ, ಅವ್ವನ ಜೊತೆ ಅದೂ ಇಲ್ಲ. ತಿಪ್ಪೇರುದ್ರಮ್ಮ ಎರಡೂ ಹೊತ್ತು ತಟ್ಟೆ ಹಿಡಿದು ಏಳನೇ ಮೆಟ್ಟಿಲವರೆಗೆ ಹತ್ತಿ, ಅಲ್ಲಿಟ್ಟು ಇಳಿಯುತ್ತಿದ್ದಳು. ಅಲ್ಲಿಂದ ಮುಂದಕ್ಕೆ ಕಾಲು ಏಳುತ್ತಿರಲಿಲ್ಲ. ಮೊದಲ ದಿನ ಪಕ್ಕದ ಮನೆಯ ಕರಿ ಬೆಕ್ಕು ಬಂದು ತಟ್ಟೆ ಉರುಳಿಸಿತು. ಮರುದಿನದಿಂದ ಮೇಲೊಂದು ಮುಚ್ಚಳ, ಮುಚ್ಚಳದ ಮೇಲೆ ಉಪ್ಪಿನಕಾಯಿ ಭರಣಿಯ ಗುಂಡುಕಲ್ಲು. ತಟ್ಟೆ ತೊಳೆದುಕೊಂಡು ವಾಪಸ್ ಅದೇ ಮೆಟ್ಟಿಲಿಗೆ ಬರುತ್ತಿತ್ತು, ಮೇಲೆ ಅದೇ ಕಲ್ಲು.

"ಅವನೇನು ದೇವ್ರಾ, ಮೆಟ್ಟಿಲಿಗೆ ಎಡೆ ಇಡ್ತೀಯಲ್ಲ?" ಒಂದು ರಾತ್ರಿ ರೊಟ್ಟಿ ಮುರಿಯುತ್ತ ಜಂಬುಲಿಂಗಪ್ಪ ಕೇಳಿದ.

"ಉಣ್ಲಿ ಬಿಡ್ರಿ."

"ಹೊಟ್ಟೆ ಹಸಿದ್ರೆ ತಾನೇ ಇಳಿದು ಬರ್ತಾನೆ. ಇಡೋದು ನಿಲ್ಸು ನೀನು."

"ನಿಲ್ಸಿದ ಮ್ಯಾಲೂ ಬರ್ದಿದ್ರೆ?"

ಜಂಬುಲಿಂಗಪ್ಪ ಇನ್ನೊಂದು ಸೌಟು ಹುರುಳಿ ಸಾರು ಹಾಕಿಸಿಕೊಂಡ. "ನೀನೇ ಹೋಗಿ ಮಾತಾಡ್ಸು ಮತ್ತೆ" ಅಂದ.

"ಏನಂತ ಮಾತಾಡ್ಸ್ಲಿ?"

"ತಪ್ಪಾತು ಅನ್ನು."

"ಹೆತ್ತೋಳು ಮಗನಿಗೆ ಹಂಗೆ ಅಂತಾಳಾ? ನಿಮ್ಮವ್ವ ನಿಮಗೆ ಯಾವತ್ತಾದ್ರೂ ಅಂದಿದ್ರಾ?"

"ನಮ್ಮವ್ವ ಮೈಕಿನಾಗೆ ಬೈತಿರ್ಲಿಲ್ಲ" ಎಂದು ಜಂಬುಲಿಂಗಪ್ಪ ಕೈ ತೊಳೆಯಲು ಎದ್ದ.

ಇಷ್ಟರಲ್ಲಿ ಮೊಳಕಾಲ್ಮೂರಿನಿಂದ ಅಳಿಯ ಮಹಾಂತೇಶನ ಫೋನ್ ಬಂತು. ವಾಣಿಶ್ರೀ ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡಿದ್ದಳು. ಮಹಾಂತೇಶನಿಗೆ ಸೀರೆ ಅಂಗಡಿ, ಮನೆಯಲ್ಲಿ ಬೇರೆ ಹೆಣ್ಣು ದಿಕ್ಕಿಲ್ಲ. ತಿಪ್ಪೇರುದ್ರಮ್ಮ ಬಟ್ಟೆ ತುಂಬಿಕೊಂಡು, ಹೊರಡುವ ಮೊದಲು ಏಳನೇ ಮೆಟ್ಟಿಲಲ್ಲಿ ನಿಂತು ಮೇಲಕ್ಕೆ ಮುಖ ಮಾಡಿದಳು. ಈ ಸಲ ದನಿ ತಗ್ಗಿಸಿಯೇ ಹೇಳಿದಳು.

"ಮಲ್ಲೂ, ವಾಣಿ ಕೈ ಮುರ್ಕೊಂಡಾಳೆ. ಹೋಗ್ಬರ್ತೀನಿ. ಚಟ್ನಿಪುಡಿ ನೀಲಿ ಡಬ್ಬಿಯಾಗೈತೆ."

ಒಳಗೆ ಮಾತು ನಿಂತಿತು. "ಒಂದ್ನಿಮಿಷ ಗೆಳೆಯರೇ" ಎಂದ ಮಗ. ಬಂದ, ಈಗ ಬಾಗಿಲು ತೆಗೆಯುತ್ತಾನೆ ಅಂದುಕೊಂಡು ಸೆರಗು ಸರಿಮಾಡಿಕೊಂಡಳು. ಬಾಗಿಲು ತೆಗೆಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ "ಹೂಂ, ಎಲ್ಲಿದ್ವಿ?" ಎಂಬ ಮಾತು ಮತ್ತೆ ಶುರುವಾಯಿತು. ಅವ್ವನ ದನಿ ಹೊರಗೆ ಹೋಗದಿರಲಿ ಎಂದು ಅವನು ಮೈಕ್ ಆರಿಸಿದ್ದ, ಅಷ್ಟೇ. ಮೊಳಕಾಲ್ಮೂರಿನ ಬಸ್ಸಿನಲ್ಲಿ ಅವಳು ಕಿಟಕಿಗೆ ಮುಖ ಕೊಟ್ಟು ಅತ್ತಳು.

ಮಗಳ ಮನೆಯಲ್ಲಿ ಕೆಲಸಕ್ಕೇನು ಕೊರತೆ? ನೀರು, ಪಾತ್ರೆ, ಬಟ್ಟೆ, ಮಗಳಿಗೆ ತಲೆ ಬಾಚುವುದು, ಅಳಿಯನಿಗೆ ಬುತ್ತಿ. ಅಕ್ಕಪಕ್ಕದ ಮನೆಗಳಿಂದ ಮಗ್ಗದ ಸದ್ದು ಬೆಳಗಿನಿಂದ ಸಂಜೆವರೆಗೂ ಬರುತ್ತಿತ್ತು. ಮೂರು ಗಂಟೆಗೆ ಮಾತ್ರ ಅವಳು ಫೋನ್ ಹಿಡಿದು ಕೂರುತ್ತಿದ್ದಳು. ಇಲ್ಲಿ ಮಗನ ಮಾತು ಒಂದೇ ಸಲ ಕೇಳುತ್ತಿತ್ತು. ಸೂರಿನ ಮೇಲಿನ ಆ ಗುಂಯ್ ಸದ್ದು ಇಲ್ಲದೆ ಅವಳಿಗೆ ಏನೋ ಕಳೆದುಕೊಂಡ ಹಾಗಾಗುತ್ತಿತ್ತು.

ಎರಡನೇ ದಿನ ಮಲ್ಲಿಕ್ ಹೇಳಿದ: "ಗೆಳೆಯರೇ, ಎಂಟು ತಿಂಗಳಾತು ಈ ಊರು ಕಟ್ಟಿ. ನನಗೆ ಮುಂದೆ ಏನು ಮಾಡ್ಬೇಕೋ ತೋಚ್ತಿಲ್ಲ. ನನ್ನ ಸೇವ್ ಇಲ್ಲೇ ಹಾಕಿದೀನಿ. ಇಲ್ಲಿಂದ ನೀವು ಮುಂದುವರ್ಸಿ. ಮೂರು ವಾರ ಬಿಟ್ಟು ವಾಪಸ್ ಕಳ್ಸಿ, ಎಲ್ಲರದ್ದೂ ತೆಗೆದು ನೋಡೋಣ."

"ಏನೇ ಅದು ಸೇವ್ ಅಂದ್ರೆ?"

ವಾಣಿಶ್ರೀ ಪಟ್ಟಿ ಕಟ್ಟಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಹೇಳಿದಳು: "ಮಗ್ಗದ ಮ್ಯಾಲೆ ಅರ್ಧ ನೇಯ್ದ ಸೀರೆ ಬಿಟ್ಟು ಎದ್ದಂಗೆ ಅವ್ವ. ಅವನು ಬಿಟ್ಟಲ್ಲಿಂದ ಬ್ಯಾರೆಯೋರು ಕೂತು ನೇಯ್ಬೋದು. ಆದ್ರೆ ಸೀರೆ ಒಂದೇ ಅಲ್ಲ, ಎಷ್ಟು ಜನ ಕೂತ್ರೂ ಅಷ್ಟೂ ಜನಕ್ಕೆ ಒಂದೊಂದು."

"ಅಂದ್ರೆ ಅವನ ಮನಿಯೊಳಗೆ ನಾವು ಹೋಗ್ಬೋದಾ?"

ವಾಣಿಶ್ರೀ ಅವ್ವನ ಮುಖ ನೋಡಿದಳು. ಅವಳ ಹತ್ತಿರ ಸೀರೆಯ ಅಂಚಿನ ಚಿತ್ತಾರ ಬರೆಯಲು ಇಟ್ಟುಕೊಂಡಿದ್ದ ಲ್ಯಾಪ್‌ಟಾಪ್ ಇತ್ತು. ಎಡಗೈಯಲ್ಲೇ ತಡಕಾಡಿ ಸೇವ್ ಇಳಿಸಿ, ಆಟ ತೆರೆದು ಅವ್ವನ ಮುಂದಿಟ್ಟಳು.

ತಿಪ್ಪೇರುದ್ರಮ್ಮ "ಅಯ್ಯೋ ಶಿವನೇ" ಎಂದಳು. ಇಷ್ಟು ದಿನ ಫೋನಿನಲ್ಲಿ ಮಗನ ಮಾತಿಗೆ ಕಿವಿಗೊಟ್ಟಿದ್ದಳೇ ಹೊರತು ಆಟವನ್ನು ದಿಟ್ಟಿಸಿರಲಿಲ್ಲ, ಈಗ ಪರದೆಯ ಮೇಲೆ ಅವಳದೇ ಮನೆ. ಮುಂದೆ ಬೇವಿನ ಮರ, ಪಕ್ಕದಲ್ಲಿ ಗಿರಣಿ, ಒಳಗೆ ಹದಿನಾಲ್ಕು ಮೆಟ್ಟಿಲು, ಮೇಲೆ ಕೋಣೆ. ಅಡುಗೆಮನೆಯೂ ಇತ್ತು. ಒಲೆ ಇತ್ತು. ಬೂದಿ ಇರಲಿಲ್ಲ.

"ಈ ಒಲಿ ಯಾಕೆ ಹೊಸದಂಗೈತೆ?"

"ಅವನು ಹಚ್ಚೇ ಇಲ್ಲವ್ವ. ಅಡುಗೆ ಮಾಡಿದ್ರೆ ಆಟದಾಗೆ ಅರ್ಧ ದಿನ ಹೋಗ್ಬಿಡ್ತೈತೆ. ಗಜ್ಜರಿ ಗಡ್ಡೆ ಕಿತ್ಕೊಂಡು ಹಂಗೇ ತಿಂತಾನೆ, ಅಷ್ಟೇ ಶಕ್ತಿ ಬರ್ತೈತೆ."

"ಎಂಟು ತಿಂಗಳು ಹಸಿ ಗಜ್ಜರಿ ತಿನ್ಕೊಂಡು ಓಡಾಡ್ಯಾನಾ?"

"ಆಟ ಕಣವ್ವ ಅದು!"

"ಏನೇ ಆಗ್ಲಿ. ಒಲಿ ಹೆಂಗೆ ಹಚ್ಚೋದು, ತೋರ್ಸು."

ಮಗಳು ಗದರಿದಳು. "ಇದೆಲ್ಲ ಯಾಕೆ ಸುಮ್ನೆ? ಫೋನ್ ಮಾಡಿ ತಪ್ಪಾತು ಮಗ ಅನ್ನು, ಮುಗೀತು."

"ಫೋನ್ ಎತ್ತಲ್ಲ ಅವ್ನು."

"ಎಷ್ಟು ಸಲ ಮಾಡೀಯ?"

ತಿಪ್ಪೇರುದ್ರಮ್ಮ ಒಂದು ಸಲವೂ ಮಾಡಿರಲಿಲ್ಲ. ಎತ್ತಿದರೆ ಏನು ಹೇಳಬೇಕು ಅನ್ನುವುದೇ ಅವಳ ಭಯವಾಗಿತ್ತು.

ಹೀಗೆ ಶುರುವಾಯಿತು. ಮಧ್ಯಾಹ್ನ ಮಗಳು ಮಾತ್ರೆ ನುಂಗಿ ಮಲಗಿದರೆ, ಅವ್ವ ಕನ್ನಡಕ ಏರಿಸಿ ಒಂದೇ ಬೆರಳಲ್ಲಿ ಆಟದ ಗೊಂಬೆಯನ್ನು ನಡೆಸುತ್ತಿದ್ದಳು. ಮೊದಲೆರಡು ದಿನ ಗೊಂಬೆ ಗೋಡೆಗೆ ಹಣೆ ಕುಟ್ಟಿಕೊಂಡಿತು, ಒಂದು ಸಲ ಬಾವಿಗೂ ಬಿತ್ತು. ಮೂರನೇ ದಿನ ಒಲೆ ಹತ್ತಿತು. ತಿಪ್ಪೇರುದ್ರಮ್ಮ ಖುಷಿಗೆ ಜೋರಾಗಿ ಕೂಗಿ ಮಗಳ ನಿದ್ದೆ ಕೆಡಿಸಿದಳು. ದಿನಕ್ಕೆ ಆಟದ ಒಂದು ದಿನ. ಕಟ್ಟಿಗೆ ತರುವುದು, ಹಸು ಕರೆಯುವುದು, ಅಡುಗೆ ಮಾಡುವುದು, ತಟ್ಟೆಗೆ ಹಾಕುವುದು. ಅಷ್ಟರಲ್ಲಿ ಆಟದ ಸೂರ್ಯ ಮುಳುಗುತ್ತಿದ್ದ. ಬೆಳೆಗೆ ನೀರು ಬಿಡಲು ಹೊತ್ತೇ ಸಿಗುತ್ತಿರಲಿಲ್ಲ.

"ಏಮ್ಮಾ ಪೆದ್ದಮ್ಮ, ಈ ವಯಸ್ಸಿಗೆ ಗೇಮಾ?" ಮಗ್ಗ ಬಿಟ್ಟು ಮಜ್ಜಿಗೆ ಕೇಳಲು ಬಂದ ಪಕ್ಕದ ಮನೆಯ ತೆಲುಗು ಮಾತಿನ ನಾಗರತ್ನ ಬಾಯಿಗೆ ಕೈ ಇಟ್ಟುಕೊಂಡು ನಕ್ಕಳು.

"ಗೇಮ್ ಅಲ್ಲಮ್ಮ, ಅಡುಗಿ" ಎಂದಳು ತಿಪ್ಪೇರುದ್ರಮ್ಮ ಪರದೆಯಿಂದ ಕಣ್ಣು ತೆಗೆಯದೆ.

ಅಳಿಯ ಮಹಾಂತೇಶ ಒಂದು ಸಂಜೆ ಇಣುಕಿ ನೋಡಿದ. "ಅತ್ತೇರೇ, ಶೇಂಗಾ ಎಲ್ಲ ಒಣಗ್ತಾ ಐತಲ್ರೀ. ಹಿಂಗಾದ್ರೆ ನಿಮ್ಮ ಸೇವ್ ನೋಡಿ ಎಲ್ರೂ ನಗ್ತಾರೆ."

"ನಗ್ಲಿ ಬಿಡ್ರಿ. ಒಂದ್ಸಲ ನಕ್ಕಾಗೈತೆ."

ಮಾಡಿದ ಅಡುಗೆಯನ್ನು ಅವಳು ಎಲ್ಲಿಡುತ್ತಿದ್ದಳು? ಮೆಟ್ಟಿಲ ಮೇಲೆ. ಆಟದಲ್ಲಿ ಮಂಡಿನೋವಿಲ್ಲ, ಬಾಗಿಲು ಹಾಕಿಕೊಳ್ಳುವವರಿಲ್ಲ, ಬಾಗಿಲಿಗೆ ಅಗುಳಿಯೇ ಇಲ್ಲ. ನೇರ ಕೋಣೆಯೊಳಗೆ ಹೋಗಿ ಮೇಜಿನ ಮೇಲೆ ಇಡಬಹುದಿತ್ತು. ವಾಣಿಶ್ರೀ ಅದನ್ನು ಹೇಳಿಯೂ ಹೇಳಿದಳು. ಆದರೂ ತಿಪ್ಪೇರುದ್ರಮ್ಮ ಗೊಂಬೆಯನ್ನು ಏಳನೇ ಮೆಟ್ಟಿಲಿಗೇ ನಿಲ್ಲಿಸುತ್ತಿದ್ದಳು. ತಟ್ಟೆ ಇಟ್ಟು, ಹೊಲದಲ್ಲಿ ಆಯ್ದ ಕಲ್ಲೊಂದನ್ನು ಅದರ ಮೇಲಿಟ್ಟು ಇಳಿಸಿಕೊಂಡು ಬರುತ್ತಿದ್ದಳು. ಒಂದು ಮೆಟ್ಟಿಲಿಗೆ ಮೂರು ತಟ್ಟೆ. ಏಳನೆಯದು ತುಂಬಿದ ಮೇಲೆ ಆರನೆಯದು, ಆಮೇಲೆ ಐದನೆಯದು. ಕೊನೆಗೆ ಒಟ್ಟು ಹತ್ತೊಂಬತ್ತು ತಟ್ಟೆಗಳಾದವು. ನೆಲಕ್ಕೆ ತಾಗಿದ ಮೆಟ್ಟಿಲಲ್ಲಿ ಒಂದೇ ಒಂದು ಕೂತಿತು.

"ಇದ್ರ ಜೊತೆ ಏನಾದ್ರೂ ಬರೀಲಾ? ಅವ್ವ ಕಳ್ಸಿದ್ದು ಅಂತ?" ಕಳಿಸುವ ದಿನ ವಾಣಿಶ್ರೀ ಕೇಳಿದಳು.

"ಬ್ಯಾಡ. ನನ್ನ ಹೆಸರು ಕಂಡ್ರೆ ತೆಗೀದೇನೇ ಬಿಟ್ಟಾನು."

ಹೆಸರಿನ ಜಾಗದಲ್ಲಿ ಬರೀ 'ಅತಿಥಿ' ಎಂದು ಬಿತ್ತು. ಮರುದಿನ ತಿಪ್ಪೇರುದ್ರಮ್ಮ ಚಳ್ಳಕೆರೆಯ ಬಸ್ಸು ಹತ್ತಿದಳು.

ಮನೆಯಲ್ಲಿ ಗಂಡಸರಿಬ್ಬರೂ ಮೂರು ವಾರ ಅನ್ನ, ಮೊಸರು, ಹೋಟೆಲಿನ ಮಂಡಕ್ಕಿ ಒಗ್ಗರಣೆಯಲ್ಲಿ ದಿನ ದೂಡಿದ್ದರು. ಪಾತ್ರೆಗಳು ಬಚ್ಚಲಲ್ಲಿ ಗುಡ್ಡ ಬಿದ್ದಿದ್ದವು. ಜಂಬುಲಿಂಗಪ್ಪ ಇಳಿದುಹೋಗಿದ್ದ.

"ಇಬ್ರೂ ಜೊತೆಗೆ ಕೂತು ಉಂಡ್ರೇನ್ರೀ?" ಅವಳು ಆಸೆಯಿಂದ ಕೇಳಿದಳು.

"ಒಂದಿನ ಕೂತಿದ್ದ. ಅವ್ವ ಯಾವಾಗ ಬರ್ತಾಳೆ ಅಂತ ಕೇಳ್ದ."

"ಹೌದಾ? ಏನಂದ್ರಿ ನೀವು?"

"ನೀನೇ ಫೋನ್ ಮಾಡಿ ಕೇಳ್ಕ್ಯಳಲೇ ಅಂದೆ. ಎದ್ದು ಹೋದ."

"ನಿಮ್ಮ ಬಾಯಿಗಿಷ್ಟು!" ಎಂದು ತಿಪ್ಪೇರುದ್ರಮ್ಮ ಕೈಲಿದ್ದ ಸೌಟು ಕುಕ್ಕಿದಳು. ಆದರೆ ಆ ಒಂದು ಮಾತನ್ನು ಎರಡು ದಿನ ಮೆಲುಕು ಹಾಕಿದಳು. ಅವ್ವ ಯಾವಾಗ ಬರ್ತಾಳೆ. ಬಂದ ಮೇಲೆ ಮಾತ್ರ ಎಲ್ಲ ಮೊದಲಿನಂತೆಯೇ, ಮೆಟ್ಟಿಲು, ತಟ್ಟೆ, ಕಲ್ಲು.

ಭಾನುವಾರ ಮಲ್ಲಿಕ್ ಊಟದ ತಟ್ಟೆಯನ್ನು ತೆಗೆದುಕೊಳ್ಳಲೇ ಇಲ್ಲ. ಮೂರಕ್ಕೇ ಕೂತುಬಿಟ್ಟ, ಜನರ ಸೇವ್‌ಗಳನ್ನು ತೆಗೆಯುವ ದಿನ. ಜಂಬುಲಿಂಗಪ್ಪ ನಡುಮನೆಯಲ್ಲಿ ಗೊರಕೆ ಹೊಡೆಯುತ್ತಿದ್ದ. ತಿಪ್ಪೇರುದ್ರಮ್ಮ ಒಲೆಯ ಪಕ್ಕ ಕೂತು ಫೋನ್ ಹಿಡಿದಿದ್ದಳು.

ಒಬ್ಬ ಏಳು ಮಹಡಿ ಕಟ್ಟಿದ್ದ. ಇನ್ನೊಬ್ಬಳು ಕೆರೆ ತೋಡಿಸಿ ದೋಣಿ ಬಿಟ್ಟಿದ್ದಳು. ಮತ್ತೊಬ್ಬ ಊರ ತುಂಬ ಕುದುರೆ ಸಾಕಿದ್ದ. ಮಲ್ಲಿಕ್ ಒಂದೊಂದಕ್ಕೂ ಭಲೇ ಭಲೇ ಎನ್ನುತ್ತಿದ್ದ. ಇಷ್ಟು ಬುದ್ಧಿವಂತರ ಮಧ್ಯೆ ನನ್ನದೇನು ಅಂತ ಕಳಿಸಿದೆನೋ, ಆ ಬೆಳೆ ಒಣಗಿದ ಹೊಲ ನೋಡಿ ನಾನೂರು ಜನ ಮತ್ತೆ ನಗುತ್ತಾರೆ ಅಂತ ಅವಳಿಗೆ ಅಳುವೇ ಬಂತು.

"ಒಂಬತ್ತನೇದು. ಹೆಸರಿಲ್ಲ, ಬರೀ ಅತಿಥಿ ಅಂತೈತೆ" ಎಂದ ಫೋನಿನ ಮಲ್ಲಿಕ್. "ಅಯ್ಯಯ್ಯೋ, ಹೊಲ ಪೂರಾ ಒಣಗ್ಸಿಬಿಟ್ಟಾರಲ್ಲಪ್ಪ! ಹತ್ತೊಂಬತ್ತು ದಿನ ಆಡ್ಯಾರೆ, ಏನು ಮಾಡ್ತಿದ್ರಪ್ಪ ಇವ್ರು?"

ಫೋನಿನ ಪರದೆಯ ಕೆಳಗೆ ಜನ ಕಳಿಸಿದ ನಗುವಿನ ಗೊಂಬೆಗಳು ಸಾಲುಗಟ್ಟಿ ಓಡಿದವು. ಅಷ್ಟರಲ್ಲಿ ಸೂರಿನ ಮೇಲೆ ಗುಂಯ್ ಸದ್ದು ನಿಂತುಹೋಯಿತು. ಫೋನಿನಲ್ಲಿ ಅವನು ಇನ್ನೂ ತಮಾಷೆ ಮಾಡುತ್ತಲೇ ಇದ್ದ. ಅವಳು ಒಂದು, ಎರಡು, ಮೂರು ಅಂತ ಎಣಿಸಿದಳು.

"ತಡೀರಿ, ಒಲೆ ಉರೀತೈತೆ" ಎಂದ ಫೋನಿನ ಮಲ್ಲಿಕ್. ಆಟದ ಗೊಂಬೆ ಅಡುಗೆಮನೆಯಿಂದ ಈಚೆ ಬಂದು ಮೆಟ್ಟಿಲ ಬುಡದಲ್ಲಿ ನಿಂತಿತು. ಅಲ್ಲಿಂದ ಏಳನೇ ಮೆಟ್ಟಿಲವರೆಗೂ ತಟ್ಟೆಗಳು, ಒಂದೊಂದರ ಮೇಲೂ ಒಂದೊಂದು ಕಲ್ಲು. 'ದಾರಿ ಯಾಕೆ ಬಂದ್ ಮಾಡಿದಾನೆ?' 'ಕಲ್ಲು ಯಾಕೆ ಗುರು?' ಜನ ಕೇಳತೊಡಗಿದರು. ಮಲ್ಲಿಕ್ ಬಾಯಿ ತೆರೆದವನು ಹಾಗೆಯೇ ಉಳಿದ. ಮಾತಷ್ಟೇ ಕೇಳುತ್ತಿದ್ದವಳು ಅವನ ಮುಖವನ್ನು ಅಷ್ಟು ಹೊತ್ತು ನೋಡಿ ಎಂಟು ವಾರವೇ ಆಗಿತ್ತು. ಗಡ್ಡ ಬಿಟ್ಟಿದ್ದ, ಕಣ್ಣ ಕೆಳಗೆ ಕಪ್ಪಾಗಿತ್ತು.

ಮೇಲೆ ಕುರ್ಚಿ ಕಿರ್ರೆಂದಿತು. ಫೋನಿನಲ್ಲಿ ಅವನು ಇನ್ನೂ ಕೂತೇ ಇದ್ದ. ಬಾಗಿಲ ಅಗುಳಿ ಸರಿಯಿತು. ಹೆಜ್ಜೆಗಳು ಮೆಟ್ಟಿಲಿಳಿದವು. ಏಳು ಹೆಜ್ಜೆ ಬಂದು ನಿಂತವು. ಗುಂಡುಕಲ್ಲನ್ನು ಮೆಟ್ಟಿಲ ಮೇಲೆ ಇಟ್ಟ ಸದ್ದಾಯಿತು. ಆಮೇಲೆ ಉಳಿದ ಏಳು ಹೆಜ್ಜೆ.

ಮಲ್ಲಿಕ್ ಮಧ್ಯಾಹ್ನದ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ.

"ಕಲ್ಲು ಯಾಕಿಟ್ಟೆ ಅವ್ವ? ಆ ಊರಾಗೆ ಬೆಕ್ಕೇ ಇಲ್ಲ."

"ಇಲ್ಲ ಅಂತ ನನಗೆ ಹೆಂಗೆ ಗೊತ್ತಾಗ್ಬೇಕು" ಎಂದಳು. ಏನೋ ಹೇಳಲು ಹೋಗಿ, ಗಾಬರಿಯಿಂದ ಸೂರಿನ ಕಡೆ ನೋಡಿ ದನಿ ತಗ್ಗಿಸಿದಳು. "ಮೈಕ್ ಆಫ್ ಐತೇನೋ?"

"ಆಫ್ ಮಾಡೇ ಬಂದೀನಿ."

"ಮಲ್ಲೂ, ನಾನು ಅವತ್ತು ಹಂಗನ್ನಬಾರ್ದಿತ್ತು. ತಪ್ಪಾತು ಕಣಪ್ಪ."

ಅವನು ಒಳಗೆ ಬಂದು, ಮೊದಲು ಕೂರುತ್ತಿದ್ದ ಕಡೆಯೇ ಗೋಡೆಗೆ ಬೆನ್ನು ಕೊಟ್ಟು ಕೂತ. ಮುಚ್ಚಳ ತೆಗೆದು ಮುದ್ದೆಯನ್ನು ಬೆರಳಲ್ಲಿ ಒತ್ತಿ ನೋಡಿದ. "ಕಲ್ಲಾಗೈತೆ" ಎಂದ. "ಸಾರು ಬಿಸಿ ಮಾಡು."

ಅವಳು ಒಲೆ ಹಚ್ಚಲು ಎದ್ದಳು. ಕಟ್ಟೆಯ ಮೇಲಿಟ್ಟ ಫೋನಿನಲ್ಲೂ ಮಲ್ಲಿಕ್ ಕುರ್ಚಿ ಬಿಟ್ಟು ಎದ್ದು ಹೋಗಿ ಆಗಿತ್ತು. ಖಾಲಿ ಕುರ್ಚಿಯ ಮುಂದೆ ನಾನೂರು ಜನ ಎಲ್ಲಿ ಹೋದ, ಎಲ್ಲಿ ಹೋದ ಎಂದು ಕೇಳುತ್ತಿದ್ದರು. ತಿಪ್ಪೇರುದ್ರಮ್ಮ ಫೋನನ್ನು ಬೋರಲು ಹಾಕಿ ಸಾರಿನ ಪಾತ್ರೆ ಒಲೆಗಿಟ್ಟಳು.